ಭಾವನ ಮಾತಿಗೆ ಹೂಂ ಅನ್ನಬಾರದು

"ಗುಡುಗಮ್ಮನ್ನ ವಿದೇಶಾಂಗ ಮಂತ್ರಿ ಮಾಡಿಬಿಟ್ರು ಭಾವ. ಈಗೇನಂತೀರಿ?"

ನನ್ನ ತಮ್ಮ ಹೀಗೆ ಕೇಳಿಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿದ. ಮಡಚಿದ ಪೇಪರ್ ಕಂಕುಳಲ್ಲಿತ್ತು. ಚಪ್ಪಲಿ ಬಿಡುವಷ್ಟರಲ್ಲಿ ಅವನಿಗೇ ನೆನಪಾಯಿತು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಹೊರಗೆ, ಹಾಗೇ ನಿಂತುಬಿಟ್ಟ. ಮೂಲೆಯ ಕುರ್ಚಿಯಲ್ಲಿದ್ದ ನಮ್ಮವರು ಅವನನ್ನು ನೋಡಿದರು, ಪೇಪರನ್ನು ನೋಡಿದರು, ಆಮೇಲೆ ಗೋಡೆಯ ಕಡೆ ಮುಖ ಮಾಡಿದರು.

ನಮ್ಮವರಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಕಾಲು ತಕ್ಕಮಟ್ಟಿಗೆ ಬಂತು. ಬಲಗೈ ಮಡಿಲಲ್ಲೇ ಮಲಗಿರುತ್ತಿತ್ತು. ಬಾರದೇ ಉಳಿದದ್ದು ಮಾತು. ಊರಿನವರ ಬಾಯನ್ನೆಲ್ಲ ಮುಚ್ಚಿಸುತ್ತಿದ್ದ ಮನುಷ್ಯ, ಈಗ ನೀರು ಬೇಕಾದರೂ ಲೋಟ ತೋರಿಸಿ ಸುಮ್ಮನಾಗುತ್ತಿದ್ದರು.

ನಮ್ಮದು ಫೋಟೋಗೆ ಕಟ್ಟು ಹಾಕುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಉದ್ದನೆಯ ಮೇಜಿನ ಆ ಕಡೆ ನಮ್ಮವರು, ಈ ಕಡೆ ನನ್ನ ತಮ್ಮ. ಕಾಯಿಲೆಗೆ ಮೊದಲು ಅವರಿಬ್ಬರ ದಿನ ಹೀಗೇ ನಡೆಯುತ್ತಿತ್ತು. ಒಬ್ಬರು ಗಾಜು ಕೊಯ್ಯುತ್ತ ಬೈಯುವುದು, ಇನ್ನೊಬ್ಬ ಮೊಳೆ ಹೊಡೆಯುತ್ತ ಹೊಗಳುವುದು. ಬೈಸಿಕೊಳ್ಳುವವಳೂ ಹೊಗಳಿಸಿಕೊಳ್ಳುವವಳೂ ಒಬ್ಬಳೇ, ಗುಡುಗಮ್ಮ. ನಮ್ಮವರದ್ದು ಹಳೇ ಪಕ್ಷ, ತಮ್ಮನದ್ದು ಹೊಸ ಪಕ್ಷ. ಹೊಸದು ಅಂದರೂ ಹುಟ್ಟಿ ಮೂವತ್ತು ವರ್ಷದ ಮೇಲಾಯಿತು. ಗುಡುಗಮ್ಮ ಆ ಹೊಸ ಪಕ್ಷದ ದನಿ. ಮೈಕಿಲ್ಲದೆ ಮೈದಾನದ ಕೊನೆಯವರೆಗೂ ಕೇಳಿಸುವಂಥ ದನಿ. ಒಮ್ಮೆ ಸಭೆಯಲ್ಲಿ ಗುಡುಗಮ್ಮನ ಮೈಕು ಆರಿಸಿದರಂತೆ. ಆಕೆ ಅದನ್ನು ಕಿತ್ತು ಸಭಾಧ್ಯಕ್ಷರ ಮುಂದಿಟ್ಟು, "ಇದು ನಿಮಗೇ ಇರಲಿ, ನಿಮ್ಮ ಮಾತೇ ಯಾರಿಗೂ ಕೇಳ್ತಿಲ್ಲ" ಅಂದು ಇನ್ನೊಂದು ಗಂಟೆ ಮಾತಾಡಿದರಂತೆ. ತಮ್ಮ ಈ ಕಥೆಯನ್ನು ಹೇಳಿದಾಗಲೆಲ್ಲ ಆ ಒಂದು ಗಂಟೆ ಸ್ವಲ್ಪ ಸ್ವಲ್ಪ ಬೆಳೆಯುತ್ತಿತ್ತು.

"ಬಾಯಿಬಡುಕಿ" ಅನ್ನುತ್ತಿದ್ದರು ನಮ್ಮವರು. ಹಾಗನ್ನುತ್ತಲೇ ಅದೇ ಬಾಯಿಬಡುಕಿಯ ಫೋಟೋಗೆ, ಪಕ್ಷದ ಆಫೀಸಿನವರು ತಂದುಕೊಟ್ಟದ್ದಕ್ಕೆ, ಕೂದಲು ತೂರದ ಹಾಗೆ ಮೂಲೆ ಕೂಡಿಸುತ್ತಿದ್ದರು. "ಮೂಲೆ ಬಿಟ್ಕೊಂಡ್ರೆ ಅವಳಿಗೇನು, ಕೆಟ್ಟ ಹೆಸರು ಬರೋದು ನಂಗೆ."

ಇಂಥವರ ಮುಂದೆ ತಮ್ಮ ಪೇಪರ್ ಹಿಡಿದು ನಿಂತಿದ್ದ. ಕೊನೆಗೆ ಇನ್ನೊಂದು ಚಪ್ಪಲಿಯನ್ನೂ ಬಿಟ್ಟು, ಕುರ್ಚಿಯ ಪಕ್ಕ ಕೂತು, ಮೆಲ್ಲಗೆ ಅಂದ, "ನೀವು ಹೇಳ್ತಿದ್ದದ್ದೇ ಸರಿ ಇರಬಹುದು ಬಿಡಿ ಭಾವ."

ನಮ್ಮವರು ಗೋಡೆಯಿಂದ ಈಚೆಗೆ ತಿರುಗಲಿಲ್ಲ.

ಅಷ್ಟರಲ್ಲಿ ಪಕ್ಕದಂಗಡಿಯ ಟೈಲರ್ ಕೊರಳಿಗೆ ಟೇಪು ನೇತುಹಾಕಿಕೊಂಡೇ ಬಂದರು. ಅವರದ್ದು ಯಾವಾಗಲೂ ಗೆದ್ದ ಪಕ್ಷ. ಫಲಿತಾಂಶ ಬಂದ ಮೇಲೆ, ತಾನು ಯಾರಿಗೆ ಓಟು ಹಾಕಿದ್ದೆ ಅಂತ ನಿಧಾನವಾಗಿ ಯೋಚಿಸಿ ತೀರ್ಮಾನ ಮಾಡುವವರು.

"ನೋಡಿದ್ರಾ ಸುದ್ದಿ? ಹೊರದೇಶದವರ ಹತ್ತಿರ ಮೆತ್ತಗೆ ಮಾತಾಡೋ ಕೆಲಸವಂತೆ, ಈಯಮ್ಮಂಗೆ ಕೊಟ್ಟಿದ್ದಾರೆ. ಇವರು ಚೆನ್ನಾಗಿದ್ದೀರಾ ಅಂತ ಕೇಳಿದ್ರೇ ಎದುರಿಗಿರೋರು ಎರಡು ಹೆಜ್ಜೆ ಹಿಂದೆ ಹೋಗ್ತಾರೆ. ಸಂಧಾನಕ್ಕೆ ಕಳಿಸಿದ್ರೆ ಯುದ್ಧ ಕಟ್ಕೊಂಡು ಬರ್ತಾರೆ, ಬರೆದಿಟ್ಕೊಳ್ಳಿ."

ಕಾಯಿಲೆಗೆ ಮೊದಲಾಗಿದ್ದರೆ ತಮ್ಮ ಸುತ್ತಿಗೆ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತಿದ್ದ. ನಮ್ಮವರು ಟೈಲರ್ ಕಡೆ ಸೇರಿಕೊಂಡು, ಆಮೇಲೆ ಟೈಲರನ್ನೂ ಸೇರಿಸಿ ಇಬ್ಬರಿಗೂ ಮಂಗಳಾರತಿ ಎತ್ತುತ್ತಿದ್ದರು. ಅವತ್ತು ತಮ್ಮ, "ಹೌದು, ಇರಬಹುದು" ಅಂದ. ಟೈಲರ್ ಸಪ್ಪೆ ಮುಖ ಮಾಡಿಕೊಂಡು ಮೆಷಿನ್ನಿಗೆ ವಾಪಸ್ಸಾದರು.

ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದವಳು ಇನ್ನೊಬ್ಬಳಿದ್ದಳು, ಮಾತಿನ ಟೀಚರ್. ಆಸ್ಪತ್ರೆಯವರು ವಾರಕ್ಕೆರಡು ಸಲ ಮನೆಗೆ ಕಳಿಸುತ್ತಿದ್ದ ಹುಡುಗಿ. ಮಾತು ಹೋದವರಿಗೆ ಮಾತು ಮರಳಿಸುವುದನ್ನೇ ಓದಿಕೊಂಡವಳು. ಅರ್ಧ ವಾಕ್ಯ ಹೇಳಿ ನಿಲ್ಲಿಸುವುದು ಅವಳ ರೀತಿ. "ಬಾಯಾರಿಕೆ ಆದ್ರೆ ಕುಡಿಯೋದು ಒಂದು ಲೋಟ..." ಅಂತ ಹೇಳಿ ಕಾಯುತ್ತಾಳೆ. ನೀರು ಅನ್ನುವುದು ತಾನಾಗಿ ಬಾಯಿಂದ ಜಾರಬೇಕು. ನಮ್ಮವರ ಬಾಯಿಂದ ಏನೂ ಜಾರುತ್ತಿರಲಿಲ್ಲ. ಕೊಡೆಯ ಚಿತ್ರ ತೋರಿಸಿ ಇದೇನು ಅಂತ ಕೇಳಿದರೆ, ನಿನಗೆ ಗೊತ್ತಿಲ್ಲವೇ ಅನ್ನುವ ಹಾಗೆ ಅವಳನ್ನೇ ನೋಡುತ್ತಿದ್ದರು. ಅವತ್ತೂ ಅಷ್ಟೇ ಆಯಿತು.

ಹೊರಡುವಾಗ ಅಡಿಗೆಮನೆಗೆ ಬಂದು ಅವಳು ಅಂದಳು, "ಆಂಟಿ, ಗಂಟಲಲ್ಲಿ ದನಿ ಇದೆ. ನಾಲಿಗೆ ಏಳ್ತಿದೆ. ಅವರು ಪ್ರಯತ್ನ ಪಡ್ತಿಲ್ಲ, ಅಷ್ಟೇ. ಈ ಮೊದಲ ತಿಂಗಳುಗಳೇ ಮುಖ್ಯ. ಈಗ ಸುಮ್ಮನೆ ಕೂತುಬಿಟ್ರೆ ಸುಮ್ಮನಿರೋದೇ ಅಭ್ಯಾಸ ಆಗಿಬಿಡುತ್ತೆ. ಆಮೇಲೆ ನಾನು ಬಂದೂ ಪ್ರಯೋಜನ ಇಲ್ಲ."

ನಾನು ಒಲೆ ಸಣ್ಣ ಮಾಡಿದೆ.

"ಅವರಿಗೆ ತುಂಬ ಇಷ್ಟವಾದ ವಿಷಯ ಯಾವುದು?"

"ಇಷ್ಟವಾದದ್ದು ಯಾವುದೋ ಕಾಣೆನಮ್ಮ. ಕಂಡರಾಗದ್ದು ಯಾವುದು ಅಂತ ಗೊತ್ತು."

ಅವಳು ನಕ್ಕಳು. "ನಂಗೂ ಗೊತ್ತಾಯ್ತು. ಆ ಟೈಲರ್ ಮಾತಾಡುವಾಗ ಅಂಕಲ್ ನಾಲಿಗೆ ಮೇಲಕ್ಕೆ ಹೋಗಿ ಹಲ್ಲಿಗೆ ಒತ್ಕೊಂಡಿತ್ತು, ನಾನು ನೋಡ್ತಾನೇ ಇದ್ದೆ. ನಿಮ್ಮ ತಮ್ಮ ಹೌದು ಅಂದ ತಕ್ಷಣ ಇಳಿದುಹೋಯ್ತು. ನೀವೆಲ್ಲ ಅವರು ಅಂದದ್ದಕ್ಕೂ ಅನ್ನದೇ ಇದ್ದದ್ದಕ್ಕೂ ಹೂಂ ಅಂತಿದ್ದೀರಿ ಆಂಟಿ. ಇನ್ನು ಬಾಯಿಗೆ ಕೆಲಸ ಎಲ್ಲಿದೆ?"

ಅವಳು ಹೋದ ಮೇಲೆ ಲೆಕ್ಕ ಹಾಕಿದೆ, ನಿಜವೇ. ಮದುವೆಯಾದಾಗಿನಿಂದ ಈ ಮನುಷ್ಯನ ಒಂದು ಮಾತನ್ನೂ ತಕರಾರಿಲ್ಲದೆ ಒಪ್ಪದ ನಾನೇ, ಈ ಎರಡು ತಿಂಗಳು ಅವರು ತಟ್ಟೆ ದೂಡಿದರೆ "ಉಪ್ಪು ಜಾಸ್ತಿಯಾಯ್ತಲ್ವಾ, ಹೌದು ನಂದೇ ತಪ್ಪು" ಅನ್ನುತ್ತಿದ್ದೆ. ಉಪ್ಪು ಸರಿಯಾಗೇ ಇರುತ್ತಿತ್ತು. ಪಾಪ ಅಂತ ಎಲ್ಲರೂ ಸೇರಿ ಅವರ ಎದುರಾಳಿಗಳನ್ನೆಲ್ಲ ಕಿತ್ತುಕೊಂಡಿದ್ದೆವು.

ತಮ್ಮ ಹಿತ್ತಲ ನಲ್ಲಿಯ ಹತ್ತಿರ ಕೈಗೆ ಹತ್ತಿದ ಅಂಟು ಉಜ್ಜುತ್ತಿದ್ದ. ಹೋಗಿ ಹೇಳಿದೆ.

"ನಾಳೆಯಿಂದ ನೀನು ಗುಡುಗಮ್ಮನ್ನ ಹೊಗಳಬೇಕು. ಮೊದಲಿನ ಥರಾನೇ. ಅವರ ಮೈಯೆಲ್ಲ ಉರೀಬೇಕು, ಹಾಗೆ."

ಅವನು ಉಜ್ಜುತ್ತಲೇ ಇದ್ದ. "ಆಗಲ್ಲ ಅಕ್ಕ."

"ಯಾಕೋ? ನಿಂಗೇನು ಕಷ್ಟ? ಅದೊಂದೇ ತಾನೇ ನಿಂಗೆ ಬರೋದು?"

"ಹೊಗಳೋಕೆ ಏನಿದೆ ಹೇಳು. ಜನ ಬಡ್ತಿ ಅಂತಿದ್ದಾರೆ. ಅದು ಬಡ್ತಿ ಅಲ್ಲ, ಬೀಳ್ಕೊಡುಗೆ. ಮುಂದಿನ ಸಲ ಇವರೇ ಪ್ರಧಾನಿ ಅಂತ ಎಲ್ಲ ಕಡೆ ಮಾತಿತ್ತು. ಅದಕ್ಕೇ ನಮ್ಮ ಪಕ್ಷದವರೇ ಸೇರಿ ವಿಮಾನ ಹತ್ತಿಸಿದ್ರು. ವರ್ಷವೆಲ್ಲ ಆಕಾಶದಲ್ಲಿ ಓಡಾಡೋರನ್ನ ಇಲ್ಲಿ ಯಾರು ನೆನಪಿಟ್ಕೋತಾರೆ? ಹೋಗಲಿ, ಇವರಾದ್ರೂ ಬೇಡ ಅನ್ನಬೇಕಿತ್ತು. ಒಂದು ಕೂಗು ಹಾಕಬೇಕಿತ್ತು. ನಗ್ತಾ ಹೋಗಿ ಪ್ರಮಾಣ ತಗೊಂಡ್ರು ಅಕ್ಕ."

ನಲ್ಲಿ ನಿಲ್ಲಿಸಿದ. ಅಂಟು ಯಾವಾಗಲೋ ಹೋಗಿತ್ತು.

"ಭಾವ ಚೆನ್ನಾಗಿದ್ದಿದ್ರೆ ಇಷ್ಟೊತ್ತಿಗೆ ಇದನ್ನೇ ಹೇಳಿ ನನ್ನ ಬೆಂಡೆತ್ತಿರೋರು. ಅವರು ಬೈದಿದ್ರೆ ನಂಗೂ ತಿರುಗಿ ಏನಾದ್ರೂ ಹೊಳೀತಿತ್ತು. ಒಬ್ಬನೇ ಕೂತು ಯೋಚಿಸಿದ್ರೆ ಅವರು ಹೇಳ್ತಿದ್ದದ್ದೇ ಸರಿ ಅನ್ನಿಸುತ್ತೆ. ಸುಮ್ಮನೆ ಸಮಾಧಾನಕ್ಕೆ ಹೂಂ ಅಂದೆ ಅಂದ್ಕೊಂಡ್ಯಾ ನೀನು?"

ಹಾಗೇ ಅಂದುಕೊಂಡಿದ್ದೆ. ಅವನ ಒದ್ದೆ ಕೈಗೆ ನನ್ನ ಸೆರಗು ಕೊಟ್ಟೆ, ಒರೆಸಿಕೊಂಡ. ಚಿಕ್ಕವನಿದ್ದಾಗಿನಿಂದ ಟವೆಲ್ ಎಲ್ಲಿದೆ ಅಂತ ನೋಡಿದವನೇ ಅಲ್ಲ.

"ಆದ್ರೂ ಹೊಗಳು," ಅಂದೆ. "ನಿಂಗೋಸ್ಕರ ಬೇಡ, ಆಕೆಗೋಸ್ಕರಾನೂ ಬೇಡ."

"ನಾಟಕ ಮಾಡು ಅಂತೀಯ. ಭಾವಂಗೆ ಗೊತ್ತಾಗಿಬಿಡುತ್ತೆ."

"ಹುಷಾರಿಲ್ಲದವರಿಗೆ ಅಷ್ಟೆಲ್ಲ ಎಲ್ಲಿ ಗೊತ್ತಾಗುತ್ತೋ."

ಮರುದಿನ ಬೆಳಿಗ್ಗೆ ತಮ್ಮ ಇಸ್ತ್ರಿ ಮಾಡಿ ಮಡಚಿಟ್ಟಿದ್ದ ಅಂಗಿ ಹಾಕಿಕೊಂಡು ಬಂದ, ಭಾಷಣಕ್ಕೆ ಹೋಗುವವನ ಹಾಗೆ. ಪೇಪರನ್ನು ಮೇಜಿನ ಮೇಲೆ ಹರಡಿದ. ಮೊದಲ ಪುಟದಲ್ಲಿ ಗುಡುಗಮ್ಮ ಯಾರೋ ಎತ್ತರದ ವಿದೇಶಿಯ ಕೈ ಕುಲುಕುತ್ತಿದ್ದರು. ನಾನು ಅಂಟಿನ ಬಟ್ಟಲು ಹಿಡಿದು ಕೆಲಸವಿರುವವಳ ಹಾಗೆ ಅಲ್ಲೇ ಸುಳಿದಾಡಿದೆ.

"ನೋಡಿ ಭಾವ," ಅಂತ ಶುರು ಮಾಡಿದ. "ವಿದೇಶಾಂಗ ಅಂದ್ರೆ ದೇಶದ ಮುಖ. ಅಂಥ ಜಾಗದಲ್ಲಿ ನಮ್ಮ ನಾಯಕಿ ಕೂತಿದ್ದಾರೆ. ಇದು ಬಹಳ ಹೆಮ್ಮೆಯ ವಿಷಯ."

ದನಿ ಅವನದೇ. ಮಾತು ಮಾತ್ರ ಶಾಲೆಯ ಮಕ್ಕಳು ಬಾಯಿಪಾಠ ಒಪ್ಪಿಸಿದ ಹಾಗಿತ್ತು. ನಾನು ಹಿಂದಿನಿಂದ, ಇನ್ನೂ ಜೋರು ಅಂತ ಕೈಸನ್ನೆ ಮಾಡಿದೆ.

"ನಿಮ್ಮ ಹಳೇ ಪಕ್ಷದಲ್ಲಿ ಇಂಥೋರು ಒಬ್ಬರಾದ್ರೂ ಇದ್ದಾರಾ? ನಿಮ್ಮೋರು ಹೊರದೇಶಕ್ಕೆ ಹೋದ್ರೆ ಊಟ ಮಾಡಿ, ಕೋಟು ಹೊಲಿಸ್ಕೊಂಡು ಬರ್ತಿದ್ರು. ಇನ್ನು ಹಾಗಿಲ್ಲ. ನಮ್ಮ ಕಾರ್ಯಕರ್ತರೆಲ್ಲ ಖುಷಿಯಾಗಿದ್ದೀವಿ. ನಂಗಂತೂ ಸಂತೋಷಕ್ಕೆ ಊಟಾನೇ ಸೇರ್ತಿಲ್ಲ."

ಗೋಡೆಯ ಕಡೆ ಇದ್ದ ಮುಖ ಈಚೆಗೆ ಬಂತು. ನಮ್ಮವರು ಪೇಪರನ್ನು ನೋಡಲೇ ಇಲ್ಲ. ತಮ್ಮನ ಮುಖವನ್ನು, ಫೋಟೋಗೆ ಅಳತೆ ತೆಗೆಯುವ ಹಾಗೆ, ಈ ಕಿವಿಯಿಂದ ಆ ಕಿವಿಯವರೆಗೆ ನೋಡಿದರು. ತುಟಿ ಒಂದು ಕಡೆಗೆ ಎಳೆಯಿತು. ಕೊರಳ ನರ ಉಬ್ಬಿತು.

"ಸು..." ಅಂದರು. ನಿಲ್ಲಿಸಿದರು. ಎಡಗೈಯಿಂದ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡರು. "ಸುಳ್... ಸುಳ್ಳು."

ನಾನು ಬಟ್ಟಲನ್ನು ಎಲ್ಲಿಟ್ಟೆನೋ ಗೊತ್ತಿಲ್ಲ. ಪಕ್ಕದಲ್ಲಿ ಟೈಲರ್ ಮೆಷಿನ್ನು ಟರ್ ಅನ್ನುತ್ತಲೇ ಇತ್ತು, ಏನೂ ಆಗಿಲ್ಲವೇನೋ ಅನ್ನುವ ಹಾಗೆ. ಎರಡು ತಿಂಗಳ ಮೇಲೆ ಈ ಮನೆಯಲ್ಲಿ ಆ ದನಿ ಕೇಳಿಸಿತ್ತು, ಒಡೆದು, ಮರಳು ತುಂಬಿಕೊಂಡು, ಆದರೆ ಅದೇ ದನಿ. ಹುಷಾರಿಲ್ಲದವರಿಗೆ ಎಲ್ಲಿ ಗೊತ್ತಾಗುತ್ತೆ ಅಂದಿದ್ದೆನಲ್ಲ, ನನ್ನ ಬುದ್ಧಿಗಿಷ್ಟು.

ತಮ್ಮ ಕುಣಿದಾಡುತ್ತಾನೆ ಅಂದುಕೊಂಡೆ. ಅವನು ಮೊಳೆ ಡಬ್ಬಿಯನ್ನು ಸರಿಸಿ ಸ್ಟೂಲಿನ ಮೇಲೆ ಕೂತುಬಿಟ್ಟ.

"ಹೌದು ಭಾವ. ಸುಳ್ಳು." ಅವನ ಕಣ್ಣು ತುಂಬಿತ್ತು, ಯಾವುದಕ್ಕೆ ಅಂತ ಅವನಿಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ. "ಆಕೆದು ಮುಗೀತು. ಅಲ್ಲಿಯವರ ಭಾಷೆ ಬರಲ್ಲ, ಅಲ್ಲಿಯವರ ನಯ ನಾಜೂಕು ಗೊತ್ತಿಲ್ಲ. ದೊಡ್ಡ ದೊಡ್ಡ ಕೋಣೇಲಿ ಮೂಲೇಲಿ ಕೂರಿಸಿ, ಯಾರೋ ಬರೆದುಕೊಟ್ಟದ್ದನ್ನ ಓದಿಸ್ತಾರೆ. ಹೂಂ ಹೂಂ ಅಂತ ತಲೆ ಆಡಿಸಿಕೊಂಡು ಬರ್ತಾರೆ. ಹೆದರ್ಕೊಂಡು ಬಾಯಿ ಮುಚ್ಕೊಂಡ್ರು ಭಾವ. ನಾವು ಇಷ್ಟು ವರ್ಷ ಗಂಟಲು ಹರ್ಕೊಂಡದ್ದೆಲ್ಲ ದಂಡ."

"ಇ... ಇಲ್ಲ," ಅಂದರು ನಮ್ಮವರು.

"ಏನಿಲ್ಲ?"

ನಾನು ಹೇಳಿಕೊಡೋಣ ಅಂತ ಬಾಯಿ ತೆರೆದೆ. ತಮ್ಮ ಕೈ ಎತ್ತಿ ತಡೆದ. ನಮ್ಮವರ ಹಣೆಯಲ್ಲಿ ಬೆವರು ಬಂತು. ಮಾತನ್ನು ಅವರು ಎಲ್ಲೋ ಆಳದಿಂದ, ಒಂಟಿ ಕೈಯಲ್ಲಿ ಮೇಲಕ್ಕೆ ಎಳೆಯುತ್ತಿದ್ದರು. ನೋಡುವುದಕ್ಕೆ ಆಗುತ್ತಿರಲಿಲ್ಲ, ನೋಡದೇ ಇರುವುದಕ್ಕೂ ಆಗುತ್ತಿರಲಿಲ್ಲ.

"ಹೆದ... ಹೆದರಲ್ಲ. ಅವಳು."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಗುಡುಗಮ್ಮನನ್ನು ಬೈಯುವುದು ನಮ್ಮವರಿಗೆ ಹಳೆಯ ಅಭ್ಯಾಸ, ನಿಜ. ನನ್ನ ತಮ್ಮನ ಮಾತಿಗೆ ಅಡ್ಡ ಹಾಕುವುದು ಅದಕ್ಕಿಂತ ಹಳೆಯದು; ಅವನು ಆ ಕಡೆ ಬಿಟ್ಟು ಈ ಕಡೆ ಬಂದು ಕೂತರೆ, ಇವರು ಎದ್ದು ಆ ಕಡೆ ಹೋಗಲೇಬೇಕು. ಅದಕ್ಕೆ ಅಂದರೋ, ಅವನ ಮುಖ ನೋಡಲಾಗದೆ ಅಂದರೋ, ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಹೇಳುವುದಿಲ್ಲ.

ತಮ್ಮ ಮೂಗು ಒರೆಸಿಕೊಂಡ. "ಇಷ್ಟು ವರ್ಷ ಬಾಯಿಬಡುಕಿ ಅಂತಿದ್ರಲ್ಲ ಭಾವ."

"ಅದೂ... ಹೌದು."

"ಆದ್ರೆ ಹೆದರಲ್ಲ."

ನಮ್ಮವರು ಇಲ್ಲ, ಹೆದರಲ್ಲ ಅನ್ನುವ ಹಾಗೆ ತಲೆ ಅಡ್ಡಡ್ಡ ಆಡಿಸಿದರು.

"ಹಾಗಾದ್ರೆ ಆಕೆ ಅಲ್ಲಿ ಹೋಗಿ ಸುಮ್ಮನೆ ಕೂರಲ್ಲ ಅಂತೀರಿ. ಎಲ್ಲರನ್ನೂ ಎದುರು ಹಾಕ್ಕೊಂಡಾದ್ರೂ ನಮ್ಮ ಕೆಲಸ ಮಾಡ್ಕೊಂಡು ಬರ್ತಾರೆ ಅಂತೀರಿ." ತಮ್ಮನ ಬೆನ್ನು ಮೆಲ್ಲಗೆ ನೆಟ್ಟಗಾಗುತ್ತಿತ್ತು. ದನಿಗೂ ಹಳೆಯ ಏರು ಬಂದಿತ್ತು. "ಕೇಳಿದ್ಯಾ ಅಕ್ಕ? ಭಾವ ನಮ್ಮ ಪಕ್ಷಕ್ಕೆ ಸೇರಿದ್ರು."

"ಥೂ," ಅಂದರು ನಮ್ಮವರು.

ಅದೊಂದು ಪೂರ್ತಿಯಾಗಿ, ಎಲ್ಲೂ ತಡವರಿಸದೆ ಬಂತು.

ನಾನು ನಗುತ್ತಲೋ ಅಳುತ್ತಲೋ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ. ಅದೇ ಹೊತ್ತಿಗೆ ಒಬ್ಬ ಹೆಂಗಸು ಒಳಗೆ ಬಂದು, ಚೀಲದಿಂದ ಒಂದು ನಾಯಿಯ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಇದಕ್ಕೆ ಒಪ್ಪುವಂಥ ಒಂದು ಕಟ್ಟು ಬೇಕು ಅಂದರು. ತಮ್ಮ ಎದ್ದು, ಬಂಗಾರದ ಬಣ್ಣದ ಪಟ್ಟಿಯೊಂದನ್ನು ತಂದು ಫೋಟೋದ ಅಂಚಿಗೆ ಹಿಡಿದ. ನಮ್ಮವರು ಕುರ್ಚಿಯಿಂದ ಮುಂದಕ್ಕೆ ಬಾಗಿ, ಎಡಗೈಯಿಂದ ಆ ಪಟ್ಟಿಯನ್ನು ಆಚೆಗೆ ತಳ್ಳಿ, ಗೋಡೆಗೆ ಒರಗಿಸಿದ್ದ ಕಪ್ಪು ಪಟ್ಟಿಯ ಕಡೆ ಬೆರಳು ತೋರಿಸಿದರು. ತಮ್ಮ ಬಂಗಾರದ್ದನ್ನು ಮತ್ತೆ ಎತ್ತಿ ಅಲ್ಲೇ ಇಟ್ಟ. ನಮ್ಮವರು ಮತ್ತೆ ತಳ್ಳಿದರು. ಆ ಹೆಂಗಸು ಯಾವುದು ಅಂತ ತಿಳಿಯದೆ ನನ್ನ ಕಡೆ ನೋಡಿದರು. ನಾನು ಅವರಿಗೆ ಸ್ಟೂಲು ಎಳೆದು ಹಾಕಿ, ಕೂತ್ಕೊಳ್ಳಿ, ಸ್ವಲ್ಪ ಹೊತ್ತಾಗುತ್ತೆ ಅಂದೆ.