ಧೂಳಪ್ಪನ ಅನುಮಾನ

ಧೂಳಪ್ಪ ನಡೆಯುವುದನ್ನು ಕಂಡವರು, ಪಕ್ಕದಲ್ಲೆಲ್ಲೋ ತೊಟ್ಟಿಲಲ್ಲಿ ಮಗು ಮಲಗಿದೆಯೆಂದೇ ತಿಳಿಯಬೇಕು. ಹೆಜ್ಜೆ ಎತ್ತಿ, ಸದ್ದಾಗದಂತೆ ಇಳಿಸಿ, ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಅವನು ಇಪ್ಪತ್ತೆರಡು ವರ್ಷ ಹೀಗೆಯೇ ಸಂಚರಿಸಿದ್ದ. ರಕ್ತದಲ್ಲಿ ಲವಲೇಶದಷ್ಟಿರುವ ಸತು, ತಾಮ್ರ, ಸೆಲೆನಿಯಂಗಳನ್ನು ಅಳೆಯುವವನಿಗೆ ಧೂಳಿನ ಒಂದು ಕಣವೂ ಪರಮಶತ್ರು. ಹೆಸರು ಬಂದದ್ದೂ ಹಾಗೆಯೇ. ಕೋಟಿನ ಲೋಹದ ಗುಂಡಿಗಳನ್ನು ಕಿತ್ತೆಸೆದು ದಾರ ಕಟ್ಟಿಕೊಂಡಿದ್ದ. ಒಮ್ಮೆ ಆಸ್ಪತ್ರೆಯ ಮುಖ್ಯಸ್ಥರ ಬೆಲ್ಟನ್ನೂ ಬಾಗಿಲಲ್ಲೇ ಬಿಚ್ಚಿಸಿದ. ಪಾಪ, ಅವರು ಎರಡೂ ಕೈಯಿಂದ ಪ್ಯಾಂಟು ಹಿಡಿದುಕೊಂಡೇ ತಪಾಸಣೆ ಮುಗಿಸಿದರು. ಏನು ಕೇಳಿದರೂ ಅವನ ಉತ್ತರ ಒಂದೇ: "ಅನುಮಾನ ಇದೆ." ಮದುವೆಯ ಮಾತಿಗೂ ಅದನ್ನೇ ಹೇಳುತ್ತ ಐವತ್ತು ದಾಟಿ, ಸಾಕಿ ಬೆಳೆಸಿದ ಅಕ್ಕನ ಜೊತೆಗೇ ಉಳಿದುಬಿಟ್ಟ.

ಆ ಅಕ್ಕನ ಹೃದಯದ ಸ್ನಾಯು ಸಡಿಲವಾಗತೊಡಗಿತು. ನಾಲ್ಕು ಮೆಟ್ಟಿಲಿಗೇ ಏದುಸಿರು.

"ಸೆಲೆನಿಯಂ ಕಡಿಮೆ ಇದ್ರೆ ಮಾತ್ರೆಯಿಂದ ಗುಣ ಕಾಣಬಹುದು ಕಣ್ರೀ. ಸರಿಯಾಗಿದ್ರೆ ನನ್ನ ಕೈಲಿ ಹೆಚ್ಚೇನಿಲ್ಲ," ಎಂದರು ಹೃದಯದ ಡಾಕ್ಟರು.

ಅಂದು ಅಕ್ಕನ ರಕ್ತದ ನಳಿಕೆಯ ಮುಚ್ಚಳ ತೆರೆದು ಧೂಳಪ್ಪ ಕೂತ. ಗಾಬರಿಯಲ್ಲಿ ಟೋಪಿ ಸರಿಸಿ ತಲೆ ಕೆರೆದುಕೊಂಡ. ಹೊರಗಿನ ಕೊಳೆ ಬೆರೆತಿಲ್ಲವೆಂದು ತಿಳಿಯಲು ದಿನವೂ ಮೊದಲು ಬರೀ ನೀರನ್ನು ಅಳೆದು ನೋಡುವ ತನ್ನ ನಿಯಮವನ್ನೇ ಮರೆತ. ಅಂಕಿ ಬಂತು. ಎಲ್ಲ ಸರಿಯಾಗಿದೆ.

"ನಿನ್ನ ಕೈಲಿ ನಾನೊಬ್ಬಳಾದ್ರೂ ಪಾಸಾದ್ನಲ್ಲೋ," ಎಂದು ಅಕ್ಕ ನಕ್ಕಳು. ಅವನಿಗೆ ಅಳು ಬಂತು.

ಮರುದಿನ, ಅಕ್ಕನ ನಳಿಕೆಯ ಪಕ್ಕದಲ್ಲೇ ತೆರೆದು ಅಳೆಯದೆ ಉಳಿದಿದ್ದ ನೀರಿನ ನಳಿಕೆಯನ್ನು ಅಳೆದ. ನೀರಿನಲ್ಲೂ ಸೆಲೆನಿಯಂ! ಹೊರಗಿನಿಂದ ಏನೋ ಬಿದ್ದಿದೆ. ಸರಿ, ಊರೆಲ್ಲ ಕಳ್ಳರಾದರು. ಡಾಕ್ಟರ ಪೆನ್ನು, ನರ್ಸಿನ ಹೇರ್‌ಪಿನ್ನು, ನೆಲ ಒರೆಸುವಾಕೆಯ ಬಳೆ, ಯಾವುದನ್ನೂ ಬಿಡಲಿಲ್ಲ.

"ಒಂದು ವಾರದಿಂದ ನೀವು ನನ್ನ ಒಳಗೇ ಬಿಟ್ಟಿಲ್ವಲ್ಲ ಸಾರ್!" ಎಂದು ಆಕೆ ಗದರಿಸಿಯೇ ಬಿಟ್ಟಳು.

ಮನೆಯಲ್ಲೂ ಅದೇ ಗೊಣಗಾಟ. ಸೆಲೆನಿಯಂ, ಸೆಲೆನಿಯಂ ಎಂದು ಕೇಳಿ ಕೇಳಿ ಸಾಕಾದ ಅಕ್ಕ, ಬಚ್ಚಲಿನಿಂದ ಒಂದು ಸೀಸೆ ಹಿಡಿದು ಬಂದಳು. ತಲೆಹೊಟ್ಟು ನಳಿಕೆಗಳಿಗೆ ಉದುರಬಾರದೆಂದು ಅವನು ವರ್ಷಗಟ್ಟಲೆ ಹಚ್ಚಿ ತೊಳೆಯುತ್ತಿದ್ದ ಔಷಧಿ. ಕನ್ನಡಕ ಏರಿಸಿ ಚೀಟಿ ಓದಿದಳು.

"ಲೋ, ಇದ್ರ ಮೇಲೂ ಅದೇ ಹೆಸರು ಬರೆದಿದ್ಯಲ್ಲೋ?"

ಅಂದು ತೆರೆದ ನಳಿಕೆಗಳ ಮುಂದೆ ಟೋಪಿ ಸರಿಸಿ ತಲೆ ಕೆರೆದುಕೊಂಡದ್ದು ಧೂಳಪ್ಪನಿಗೆ ನೆನಪಾಯಿತು. ಬೆಳಗಾದ ಕೂಡಲೇ ತಲೆ ಬೋಳಿಸಿಕೊಂಡು, ಡಾಕ್ಟರೂ ನರ್ಸೂ ನೆಲ ಒರೆಸುವಾಕೆಯೂ ಇದ್ದಲ್ಲಿಯೇ ಹೋಗಿ ನಿಂತ. "ನಾನು ಕೊಟ್ಟ ವರದಿ ಸುಳ್ಳು ಸಾರ್. ಕೊಳೆ ನನ್ನ ತಲೇದೇ," ಎಂದ. ಹೊಸದಾಗಿ ರಕ್ತ ತೆಗೆದು, ಮೊದಲು ನೀರನ್ನು, ಆಮೇಲೆ ಅಕ್ಕನ ರಕ್ತವನ್ನು ಅಳೆದ. "ಕಡಿಮೆ ಇದೆ! ತೀರಾ ಕಡಿಮೆ ಇದೆ!" ಎಂದು ಹಿಗ್ಗಿ ಕೂಗುತ್ತ ಅವನು ಓಡಿದ್ದನ್ನು ಕಂಡು, ಸರದಿಯಲ್ಲಿ ಕೂತಿದ್ದ ರೋಗಿಗಳು ಬೆಚ್ಚಿಬಿದ್ದರು.

ಮಾತ್ರೆ ಶುರುವಾಗಿ ನಾಲ್ಕು ತಿಂಗಳಿಗೆ ಅಕ್ಕ ಎರಡು ಮಹಡಿಯನ್ನು ನಿಲ್ಲದೆ ಹತ್ತಿದಳು.

ಲೋಕವನ್ನೆಲ್ಲ ಶಂಕಿಸುವವರಿಗೆ ಬರವಿಲ್ಲ. ಶಂಕಿತರ ಪಟ್ಟಿಗೆ ತನ್ನನ್ನೂ ಸೇರಿಸಿಕೊಂಡು, ನಾಲ್ಕು ಜನರೆದುರು ತಪ್ಪೊಪ್ಪಿಕೊಳ್ಳುವ ಶಂಕಾಪಿಶಾಚಿಗಳು ಮಾತ್ರ ವಿರಳ. ಇಂಥವರ ಜೊತೆ ಒಂದೇ ಸೂರಿನಡಿ ಬಾಳುವುದು ಪ್ರಾಣಸಂಕಟ, ಅಕ್ಕನನ್ನು ಕೇಳಿದರೂ ಹಾಗೆಯೇ ಹೇಳುತ್ತಾಳೆ. ಆದರೆ ಪ್ರಾಣಕ್ಕೇ ಸಂಕಟ ಬಂದಾಗ ನಮ್ಮ ರಕ್ತ ಇಂಥವರ ಕೈಗೇ ಸಿಗಲಿ.