ಕಿಟಕಿ ಹಾಡಿನ ವೇಗ

ಸಿಟ್ಟು ಬಂದರೆ ಅಕ್ಕ ಪಾತ್ರೆ ಕುಕ್ಕುವವಳಲ್ಲ, ಬಟ್ಟೆ ಮಡಿಸುತ್ತಾಳೆ. ಮಡಿಸಿಟ್ಟಿದ್ದನ್ನೇ ಕೊಡವಿ ಮತ್ತೆ ಮಡಿಸುತ್ತಾಳೆ. ಆ ಸಂಜೆ ಹಾಡಿನ ತಾಲೀಮು ಮುಗಿಸಿ ಬಂದವಳು ಮುಖ ಕೂಡ ತೊಳೆಯದೆ ಒಗೆದ ಬಟ್ಟೆಯ ರಾಶಿಯ ಮುಂದೆ ಕೂತಿದ್ದನ್ನು ನೋಡಿ, ಸೊಸೆ ಕಾಫಿ ಲೋಟವನ್ನು ಪಕ್ಕದಲ್ಲಿಟ್ಟು ಒಳಗೆ ಹೋದಳು.

ಹುಟ್ಟಿನಿಂದ ಅವಳು ಒಬ್ಬಳಿಗೆ ಮಾತ್ರ ಅಕ್ಕ. ರೇಡಿಯೊ ಕಾರ್ಖಾನೆಯ ತಂತಿ ಸುತ್ತುವ ಕೋಣೆಗೆ ಸೇರಿದ ಮೇಲೆ ಅಲ್ಲಿದ್ದ ಹುಡುಗಿಯರಿಗೆಲ್ಲ ಅಕ್ಕನಾದಳು. ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಎಡಗೈ ಬೆರಳಲ್ಲಿ ಹದವಾಗಿ ಹಿಡಿದು, ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತಾ ಪುಟ್ಟ ಬಾಬಿನ್ನಿಗೆ ಸುತ್ತುವ ಕೆಲಸ. ಜಗ್ಗಿದರೆ ತಂತಿ ತುಂಡಾಗುತ್ತದೆ, ಸಡಿಲ ಬಿಟ್ಟರೆ ಗೋಜಲಾಗುತ್ತದೆ. ಎರಡರಲ್ಲಿ ಯಾವುದಾದರೂ ಸುರುಳಿ ಕಸದ ಬುಟ್ಟಿಗೆ.

ಎಪ್ಪತ್ತರ ದಶಕದ ಶುರು ಅದು. ಸಿನಿಮಾ ಹಾಡುಗಳು ಎಲ್ಲರಿಗೂ ಹುಚ್ಚು ಹಿಡಿಸಿದ್ದ ಕಾಲ. ಒಂದು ಹಾಡು ಹಿಟ್ ಆಯಿತೆಂದರೆ ಕ್ಷೌರದಂಗಡಿಯಲ್ಲಿ ಅದೇ, ಬಸ್‌ಸ್ಟ್ಯಾಂಡಿನಲ್ಲಿ ಅದೇ, ನೀರು ಹಿಡಿಯುವ ಸಾಲಿನಲ್ಲೂ ಅದೇ. ಕಾರ್ಖಾನೆಯವರು ಕೋಣೆಯ ಮೂಲೆಯಲ್ಲೊಂದು ಗ್ರಾಮಫೋನು ಇಟ್ಟು, ಗೋಡೆಗೆ ಧ್ವನಿವರ್ಧಕ ಹಾಕಿಸಿದ ದಿನ ಹುಡುಗಿಯರು ಹಿಗ್ಗಿ ಹೀರೇಕಾಯಿಯಾದರು. ಬೇರೆ ಯಾವ ಕೆಲಸದಲ್ಲಿ ಇಂಥ ಸುಖವಿದೆ ಎಂದು ಮನೆಮನೆಯಲ್ಲೂ ಕೊಚ್ಚಿಕೊಂಡರು. ಅದರ ಬೆನ್ನಿಗೇ ನಿಯಮವೂ ಬಂತು: ಒಂದು ಹಾಡಿಗೆ ಒಂದು ಸುರುಳಿ. ಹಾಡು ನಿಲ್ಲುವಷ್ಟರಲ್ಲಿ ಸುರುಳಿ ತಟ್ಟೆಯಲ್ಲಿರಬೇಕು. ರೆಕಾರ್ಡು ಹಾಕುತ್ತಿದ್ದ ಮೇಲ್ವಿಚಾರಕನಿಗೆ ಹುಡುಗಿಯರೇ ರೆಕಾರ್ಡ್ ಸಾರ್ ಎಂದು ಹೆಸರಿಟ್ಟರು. ನಗುಮುಖದ ಮನುಷ್ಯ. ಬೈಯುತ್ತಿರಲಿಲ್ಲ. ಹಾಡು ನಿಂತ ತಕ್ಷಣ ಹಿಂದೆ ಬಂದು ನಿಂತು ಕೇಳುತ್ತಿದ್ದ, "ಹಾಡು ಮುಗೀತಲ್ಲಮ್ಮ, ಸುರುಳಿ ಎಲ್ಲಿ?" ಅಷ್ಟೇ.

ಸೈಕಲ್ ಬೆಲ್ಲಿನ ಹಾಡಿತ್ತು, ನಡುವೆ ನಾಯಕಿ ಕಿಲಕಿಲ ನಗುವ ಹಾಡಿತ್ತು. ಅವೆಲ್ಲಕ್ಕೂ ಕಿರೀಟವೆಂದರೆ ಕಿಟಕಿ ಹಾಡು. ಕಿಟಕಿಯ ಬಳಿ ಕೂತ ಹೆಣ್ಣೊಬ್ಬಳು ಹಾಡುವುದು. ಅದೆಂಥ ಕುಣಿಸುವ ಹಾಡು ಎಂದರೆ ಕೋಣೆಯ ಹುಡುಗಿಯರು ಊಟದ ಬಿಡುವಿನಲ್ಲಿ ಅದಕ್ಕೆ ಚಪ್ಪಾಳೆ ತಟ್ಟಿ ಸುತ್ತು ಹಾಕುತ್ತಿದ್ದರು. ಮನೆಯ ರೇಡಿಯೊದಲ್ಲಿ ಮಾತ್ರ ಅದೇ ಹಾಡು ಎಳೆದೆಳೆದು ಬರುತ್ತಿತ್ತು. ಅಕ್ಕ ಗಂಡನಿಗೆ ಸೆಲ್ ಬದಲಾಯಿಸಿ ಎಂದು ದುಂಬಾಲು ಬೀಳುತ್ತಿದ್ದಳು. ಹೊಸ ಸೆಲ್ ಹಾಕಿದರೂ ಅದು ಹಾಗೇ. "ಈ ರೇಡಿಯೊದ ಸುರುಳಿ ನಾವೇ ಸುತ್ತಿದ್ದು ತಾನೇ, ಇನ್ನೇನು ಓಡುತ್ತೆ" ಎಂದು ಹುಡುಗಿಯರು ಬಿದ್ದು ಬಿದ್ದು ನಕ್ಕಿದ್ದರು. ಸಿನಿಮಾ ಟಾಕೀಸಿನಲ್ಲೂ ಹಾಡು ತೆವಳಿದಾಗ ಟಾಕೀಸಿನ ಮಿಷನ್ ಹಳೇದು ಎಂದುಕೊಂಡರು. ತಮ್ಮ ಕೋಣೆಯವರು ಮಾತ್ರ ಸರಿ, ಹೊರಗಿನ ಲೋಕವೆಲ್ಲ ನಿಧಾನ ಎಂದೇ ನಂಬಿದರು. ಆಮೇಲೆ ಗ್ರಾಮಫೋನೂ ಹೋಯಿತು, ಕೈಯಲ್ಲಿ ಸುತ್ತುವುದೂ ಹೋಯಿತು. ಹಾಡು ಮಾತ್ರ ಕೋಣೆಯಲ್ಲಿ ಕಲಿತ ಹಾಗೇ ಅವರ ಬಾಯಲ್ಲಿ ಉಳಿಯಿತು.

ಈಗ ಕಾರ್ಖಾನೆಗೆ ಹಬ್ಬದ ಸಡಗರ. ಅದು ಶುರುವಾಗಿ ಎಷ್ಟೋ ವರ್ಷ ತುಂಬಿತೆಂದು ಸಮಾರಂಭ. ಹಳಬರನ್ನೆಲ್ಲ ಕರೆದಿದ್ದರು. ಎಪ್ಪತ್ತರ ದಶಕದ ಹಿಟ್ ಹಾಡುಗಳ ಸಂಜೆಯಂತೆ. ತಂತಿ ಕೋಣೆಯವರು ಕಿಟಕಿ ಹಾಡು ಹಾಡಬೇಕಂತೆ. ಅದರ ತಾಲೀಮಿಗೇ ಅಕ್ಕ ಹೋಗಿದ್ದು.

ಕೀಬೋರ್ಡ್ ನುಡಿಸುವವನು ಒಂದು ಸಾಲು ಕೇಳಿ ಕೈ ನಿಲ್ಲಿಸಿದ. "ಅಮ್ಮಾ, ಯಾಕಿಷ್ಟು ಓಡ್ತಿದ್ದೀರಿ? ಬಸ್ ತಪ್ಪೋಗುತ್ತಾ?"

"ನಾವು ಓಡ್ತಿಲ್ಲಪ್ಪ, ನಿನ್ನ ಪೆಟ್ಟಿಗೇನೇ ತೂಕಡಿಸ್ತಿದೆ" ಎಂದಳು ಮೆಣಸಿನಕಾಯಿ. ಅವಳ ಬಾಯಿಗೆ ಹೆದರಿ ಹುಡುಗಿಯರು ಆ ಕಾಲದಲ್ಲೇ ಇಟ್ಟ ಹೆಸರು ಅದು.

ಅವನು ನಕ್ಕು ಮೊಬೈಲಿನಲ್ಲಿ ಮೂಲ ಹಾಡು ಹಾಕಿದ.

"ಇದೂ ಎಳೀತಿದೆಯಲ್ಲೋ. ಚಾರ್ಜ್ ಇಲ್ವಾ?"

"ಚಾರ್ಜ್ ಇಲ್ದಿದ್ರೆ ಮೊಬೈಲ್ ಆಫ್ ಆಗುತ್ತೆ, ನಿಧಾನ ಆಗಲ್ಲ ಅಮ್ಮಾ. ಹಾಡು ಇರೋದೇ ಹೀಗೆ. ಒಬ್ಬರು ತಪ್ಪು ಹಾಡಿದ್ರೆ ಸರಿ, ನೀವೆಲ್ಲರೂ ಒಂದೇ ಸಮ ತಪ್ಪು ಹಾಡ್ತೀರಲ್ಲ, ಅದು ಹೇಗೆ?"

ತಾಲೀಮು ನೋಡಲು ಬಂದು ಕುರ್ಚಿಯಲ್ಲಿ ಕೂತಿದ್ದ ರೆಕಾರ್ಡ್ ಸಾರ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ವಯಸ್ಸಾಗಿ ಕುಗ್ಗಿದ್ದ, ನಗುಮುಖ ಮಾತ್ರ ಹಾಗೇ ಇತ್ತು. "ಅಯ್ಯೋ, ಇನ್ನೂ ಹಾಗೇ ಹಾಡ್ತೀರಾ? ಆ ಗ್ರಾಮಫೋನ್ ತಟ್ಟೆ ಪಕ್ಕ ಒಂದು ತಿರುಪಿತ್ತು ಕಣಮ್ಮ. ವಾರಕ್ಕೊಂದು ಕೂದಲೆಳೆಯಷ್ಟು ತಿರುಗಿಸ್ತಾ ಬಂದೆ. ಒಬ್ರಿಗಾದ್ರೂ ಗೊತ್ತಾಯ್ತಾ? ನಗ್ ನಗ್ತಾ ಸುತ್ತಿದ್ರಿ. ಕೆಲಸ ಎಷ್ಟು ಜಾಸ್ತಿ ಆಯ್ತು ಅಂತ ಮೇಲಿನವರು ನನ್ನ ಬೆನ್ನು ತಟ್ಟಿದ್ರು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಿಬ್ಬರು ಬೆಪ್ಪಾಗಿ ನಕ್ಕರು. ಅಕ್ಕನ ಕಿವಿಯಲ್ಲಿ ಮಾತ್ರ ಇನ್ನೂ ಮೊಬೈಲಿನ ಹಾಡೇ ಇತ್ತು. ಅದು ಕುಣಿಸುವ ಹಾಡೇ ಅಲ್ಲ. ಪ್ರತಿ ಸಾಲಿನ ಕೊನೆಗೂ ಒಂದು ಉಸಿರು ಬಿಡುವಷ್ಟು ಜಾಗವಿದೆ. ಯಾರೋ ಬರಬೇಕಿತ್ತು, ಬರಲಿಲ್ಲ; ಆ ಹೆಂಗಸು ದಾರಿ ನೋಡಿ ನೋಡಿ ಸೋತಿದ್ದಾಳೆ. ಇಷ್ಟು ವರ್ಷ ತಾನು ಚಪ್ಪಾಳೆ ಹೊಡೆದದ್ದು ಒಬ್ಬಳ ಅಳುವಿಗೆ.

ಅದಾದರೂ ಹೋಗಲಿ.

"ಸಾರ್, ನನ್ನ ತಂಗಿ" ಎಂದಳು ಅಕ್ಕ.

"ಯಾರು?"

"ಆಮೆ."

"ಓ, ಆಮೆ," ರೆಕಾರ್ಡ್ ಸಾರ್ ಮತ್ತೆ ನಕ್ಕ. "ಹೆಸರಿಟ್ಟೋನು ನಾನೇ ಅಲ್ವಾ? ಹೇಗಿದ್ದಾಳೆ? ಈಗ್ಲೂ ಅಷ್ಟೇ ನಿಧಾನಾನಾ?"

ಅಕ್ಕ ಅಲ್ಲಿಂದ ಎದ್ದು ಬಂದವಳು ಬಟ್ಟೆಯ ರಾಶಿಯ ಮುಂದೆ ಕೂತಿದ್ದಳು.

ತಂಗಿಯನ್ನು ಕೆಲಸಕ್ಕೆ ಸೇರಿಸಿದವಳು ಅವಳೇ. ಕಾಲು ಹಿಡಿದು ಸೇರಿಸಿದ್ದಳು. ಮೊದಲ ವಾರದಿಂದಲೇ ತಂಗಿಯ ಸುರುಳಿ ಹಾಡಿಗೆ ಸಿಗಲಿಲ್ಲ. ಮುಗಿಸಿದ ಸುರುಳಿ ಕೊರಳಲ್ಲಿ ಹಾಕಿಕೊಳ್ಳುವಷ್ಟು ಚೆನ್ನಾಗಿರುತ್ತಿತ್ತು, ಆದರೆ ಹಾಡು ಮುಗಿದು ಇನ್ನೊಂದು ಹಾಡಿನ ಅರ್ಧಕ್ಕೆ ಮುಗಿಯುತ್ತಿತ್ತು. ಉಳಿದವರು ಹೊಸದಾಗಿ ಸೇರಿದಾಗ ತಿರುಪು ಇನ್ನೂ ತಿರುಗಿರಲಿಲ್ಲ. ಹಾಡಿನ ಜೊತೆಜೊತೆಗೇ ಅವರ ಕೈಯೂ ಓಡಲು ಕಲಿತಿತ್ತು. ಇವಳನ್ನು ಮಾತ್ರ ಓಡುತ್ತಿದ್ದ ಬಂಡಿಗೆ ಹತ್ತಿಸಿದಂತಾಗಿತ್ತು. ಇದು ಈಗ ಹೊಳೆಯುತ್ತಿದೆ. ಆಗ ಹೊಳೆದದ್ದು ತನ್ನ ಮರ್ಯಾದೆ ಒಂದೇ. ತಂಗಿಯನ್ನು ಕೆಲಸದಿಂದ ತೆಗೆದ ದಿನ ತವರಿಗೆ ಹೋಗಿ, "ಅವಳ ಕೈ ಓಡಲ್ಲಮ್ಮ, ತಲೇನೂ ಸ್ವಲ್ಪ ನಿಧಾನ" ಎಂದು ಅಮ್ಮನ ಮುಂದೆ ಹೇಳಿದ್ದೂ ತಾನೇ.

ಆ ಮಾತು ಆಮೇಲೆ ತಾನಾಗೇ ಕೆಲಸ ಮಾಡಿತು. ಒಲೆ ಮುಂದೆ ಬೇಡ, ಅವಳು ನಿಧಾನ. ಮಗುವಿಗೆ ಸ್ನಾನ ಮಾಡಿಸೋದು ಬೇಡ, ಅವಳು ನಿಧಾನ. ನೋಡಲು ಬಂದ ಗಂಡಿನ ಕಡೆಯವರಿಗೂ ಯಾರೋ ಕಿವಿಯಲ್ಲಿ ಊದಿದರು, ಹುಡುಗಿಗೆ ಬುದ್ಧಿ ಸ್ವಲ್ಪ ಕಡಿಮೆಯಂತೆ ಎಂದು. ಅವರು ಮತ್ತೆ ಇತ್ತ ತಲೆ ಹಾಕಲಿಲ್ಲ. ಅಮ್ಮ ಹೋದ ಮೇಲೆ ತಂಗಿ ಅಕ್ಕನ ಮನೆಯ ಹಿಂದಿನ ಕೋಣೆಗೆ ಬಂದಳು. ದರ್ಜಿಯ ಅಂಗಡಿಗೆ ಗುಂಡಿ, ಕಾಜಾ ಹಾಕಿಕೊಡುತ್ತಾಳೆ. ದರ್ಜಿ ಒಂದು ದಿನವೂ ತಡವಾಯಿತು ಎಂದಿಲ್ಲ. ಆದರೂ ಮೊಮ್ಮಕ್ಕಳವರೆಗೂ ಅವಳು ಆಮೆಯಜ್ಜಿಯೇ.

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ರಾಶಿಗೆ ಎಸೆದು ಹಿಂದಿನ ಕೋಣೆಗೆ ಹೋದಳು. ತಂಗಿ ಕಿಟಕಿಯ ಬೆಳಕಿಗೆ ಬಟ್ಟೆ ಹಿಡಿದು ಕಾಜಾ ಹೊಲಿಯುತ್ತಿದ್ದಳು.

"ಲೇ, ಆ ರೆಕಾರ್ಡ್ ಸಾರ್ ಇದ್ದಾನಲ್ಲ, ಅವನು ಗ್ರಾಮಫೋನ್ ಜೋರಾಗಿ ತಿರುಗಿಸ್ತಿದ್ನಂತೆ. ಬೇಕಂತಲೇ. ನೀನು ನಿಧಾನ ಅಲ್ಲ ಕಣೇ. ಹಾಡೇ ಓಡ್ತಿತ್ತು."

ತಂಗಿ ದಾರ ಕಚ್ಚಿ ತುಂಡರಿಸಿದಳು. "ಹೂಂ."

"ಏನು ಹೂಂ? ಕೇಳಿಸ್ತಾ ನಾನು ಹೇಳಿದ್ದು?"

"ನಾನೂ ಅದೇ ಹೇಳಿದ್ದೆ."

"ಯಾವಾಗ?"

"ಸೇರಿದ ದಿನವೇ. ಸೇರೋಕೆ ಮುಂಚೆ ಮನೇಲಿ ರೇಡಿಯೊದಲ್ಲಿ ಆ ಹಾಡು ಎಷ್ಟು ಸಲ ಕೇಳಿದ್ದೆ. ಊಟಕ್ಕೆ ಕೂತಾಗ ಹೇಳ್ದೆ, ಅಕ್ಕಾ, ಇಲ್ಲಿ ಹಾಡು ಓಡುತ್ತೆ ಅಂತ. ನೀನೇನಂದೆ ಗೊತ್ತಾ? 'ಹಾಡಿಗೆ ಕಾಲಿಲ್ಲ, ನಿನ್ನ ಕೈಗೆ ಜೀವ ಇಲ್ಲ, ಬಾಯಿ ಮುಚ್ಕೊಂಡು ಸುತ್ತು' ಅಂದೆ. ಎಲ್ಲರೂ ನಕ್ರು. ಅವತ್ತೇ ಅವನು ಆಮೆ ಅಂದಿದ್ದು."

ಸಿಟ್ಟು ಹಿಡಿದುಕೊಂಡು ಬಂದ ಅಕ್ಕ ಅದನ್ನು ಎಲ್ಲಿ ಇಳಿಸಬೇಕೆಂದು ಗೊತ್ತಾಗದೆ ಹೊಸ್ತಿಲಲ್ಲೇ ನಿಂತಳು.

"ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ ನೀನು?"

ಈಗ ತಂಗಿ ಸೂಜಿಯನ್ನು ಕೆಳಗಿಟ್ಟಳು. ಅವಳ ದನಿ ಏರಲಿಲ್ಲ. ಏರಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು. "ಯಾರ ಹತ್ರ ಬಿಡ್ಬೇಕಿತ್ತು? ನಿಧಾನದವಳು ಹೇಳಿದ್ದನ್ನ ಯಾರು ಕೇಳ್ತಾರೆ? ಏನು ಹೇಳಿದ್ರೂ 'ಪಾಪ, ಅವಳು ಹಾಗೇ' ಅಂತೀರಿ. ನಿನ್ನ ಮಗನ ತಲೆಗೆ ಒಂದು ಸಲ ನೀರು ಹಾಕೋಕೆ ಬಿಟ್ಟಿದ್ದೀಯಾ ನೀನು? ಕೈ ಜಾರುತ್ತೆ ಅಂದೆ. ಕೂದಲೆಳೆ ತಂತಿ ಸುತ್ತಿದ ಕೈ ಇದು, ಒಂದು ದಿನಾನೂ ತುಂಡು ಮಾಡಿಲ್ಲ. ನಿಮ್ಮೆಲ್ಲರ ಬುಟ್ಟಿ ತುಂಬ ತುಂಡು ತಂತಿ ಇರ್ತಿತ್ತು."

ಅಕ್ಕ ಬಾಗಿಲಿಗೆ ಒರಗಿದಳು. ಕ್ಷಮಿಸು ಎನ್ನುವ ಮಾತು ನಾಲಗೆಯವರೆಗೆ ಬಂತು, ತೀರಾ ಅಗ್ಗವೆನಿಸಿ ಅಲ್ಲೇ ಉಳಿಯಿತು. "ನಾನು ನಾಳೆ ಸಮಾರಂಭಕ್ಕೆ ಹೋಗಲ್ಲ," ಎಂದಳು.

"ಯಾಕೆ ಹೋಗಲ್ಲ? ಹೋಗು. ನಾನೂ ಬರ್ತೀನಿ."

"ನಿನ್ನನ್ನ ಕರೆದಿಲ್ಲವಲ್ಲೇ."

"ಕರೆದಿದ್ರೆ ಬರ್ತಿರ್ಲಿಲ್ಲ" ಎಂದಳು ತಂಗಿ. ಮತ್ತೆ ಸೂಜಿ ಎತ್ತಿಕೊಂಡಳು.

ಸಮಾರಂಭದ ಸಭಾಂಗಣದಲ್ಲಿ ಮುಂದಿನ ಸಾಲಿಗೆ ಮೆತ್ತನೆ ಕುರ್ಚಿ, ಹಿಂದೆಲ್ಲ ಪ್ಲಾಸ್ಟಿಕ್ ಕುರ್ಚಿ. ರೆಕಾರ್ಡ್ ಸಾರ್ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನಿಗೆ ಆಗಲೇ ಶಾಲು ಹೊದಿಸಿಯಾಗಿತ್ತು. ತಂಗಿ ಹಿಂದೆ ಹೋಗಲಿಲ್ಲ. ಅವನ ಪಕ್ಕದ ಕುರ್ಚಿ ಖಾಲಿಯಿತ್ತು. ನೆಟ್ಟಗೆ ಹೋಗಿ ಕೂತಳು. ಅವನು ಗುರುತು ಹಿಡಿಯದೆ ನಗುಮುಖದಿಂದ ತಲೆಯಾಡಿಸಿದ.

ಕೀಬೋರ್ಡಿನವನು ಶುರು ಮಾಡಿದ. ತಂತಿ ಕೋಣೆಯವರು ಹಾಡಿದರು. ಎರಡನೇ ಸಾಲಿಗೇ ಎಲ್ಲರೂ ವಾದ್ಯವನ್ನು ಹಿಂದೆ ಬಿಟ್ಟು ಓಡತೊಡಗಿದರು. ಅವರ ಬಲಗೈಗಳು ತಮಗೇ ಗೊತ್ತಿಲ್ಲದೆ ತೊಡೆಯ ಪಕ್ಕದಲ್ಲಿ ಹಿಡಿಕೆ ತಿರುಗಿಸುತ್ತಿದ್ದವು. ಅಕ್ಕ ಕೈಯೆತ್ತಿದಳು. ಹಾಡು ನಿಂತಿತು. ಮತ್ತೆ ಶುರು ಮಾಡಿಸಿದಳು. ಮತ್ತೆ ಓಡಿದರು. ಮತ್ತೆ ಕೈಯೆತ್ತಿದಳು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಅಕ್ಕ ಮೈಕಿನ ಹತ್ತಿರ ಬಂದಳು. ಅವಳಿಗೆ ಭಾಷಣ ಮಾಡಿ ಅಭ್ಯಾಸವಿಲ್ಲ.

"ನಮಗೆ ಈ ಹಾಡು ತಪ್ಪು ಕಲಿಸಿದ್ದಾರೆ" ಎಂದಳು. "ಕಲಿಸಿದವರು ಇಲ್ಲೇ ಕೂತಿದ್ದಾರೆ, ಶಾಲು ಹೊದ್ಕೊಂಡು. ನಮ್ಮ ಕೈ ಓಡ್ಲಿ ಅಂತ ಹಾಡನ್ನೇ ಓಡಿಸಿದ್ರು. ನನ್ನ ತಂಗಿ ಅದನ್ನ ಮೊದಲ ದಿನವೇ ಹೇಳಿದ್ಳು. ಅವಳಿಗೆ ಆಮೆ ಅಂತ ಹೆಸರಿಟ್ಟು ಮನೆಗೆ ಕಳಿಸಿದ್ರು. ಅವರ ಜೊತೆ ಸೇರಿ ನಕ್ಕವಳು ನಾನು. ಮನೇಲೂ ಅದೇ ಹೆಸರು ಹಬ್ಬಿಸಿದವಳು ನಾನು." ಅವಳ ಉಸಿರು ಮೈಕಿನಲ್ಲಿ ಭುಸುಗುಟ್ಟಿತು. "ಈಗ ಅವಳ ಲೆಕ್ಕಕ್ಕೆ ಹಾಡ್ತೀವಿ. ಅವಳು ಕೂತಲ್ಲಿಂದ ತಾಳ ಹಾಕ್ತಾಳೆ. ಎಲ್ಲರೂ ಅವಳ ಕೈ ನೋಡಿ."

ತಂಗಿ ತೊಡೆಯ ಮೇಲೆ ಅಂಗೈ ಇಟ್ಟಳು. ಎತ್ತಿದಳು. ಇಟ್ಟಳು. ಎರಡರ ನಡುವೆ ಅಷ್ಟು ಜಾಗವಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹೆಂಗಸರು ಹಾಡನ್ನು ಕಡಿವಾಣ ಹಾಕಿದ ಕುದುರೆಯ ಹಾಗೆ ಬಿಗಿಹಿಡಿದು ಹಾಡಿದರು. ಮೆಣಸಿನಕಾಯಿಯ ದನಿ ಒಡೆಯಿತು. ಸಾಲಿನ ಕೊನೆಯ ಉಸಿರು ಬಂದಾಗಲೆಲ್ಲ ಸಭೆ ಕೆಮ್ಮುವುದನ್ನೂ ಮರೆಯಿತು.

ರೆಕಾರ್ಡ್ ಸಾರ್ ಶಾಲು ಸರಿಮಾಡಿಕೊಂಡ. ಅವನ ಮುಖದಲ್ಲಿ ನಗು ಇರಲಿಲ್ಲ. ಕಾಲು ಕೆಳಗಿಳಿಸಿ, ಕುರ್ಚಿಯ ಕೈ ಹಿಡಿದು, ಯಾರನ್ನೂ ನೋಡದೆ ಏಳಲು ಹೊರಟ.

ತಂಗಿ ಬಲಗೈಯ ತಾಳ ಬಿಡಲಿಲ್ಲ. ಎಡಗೈಯಲ್ಲಿ ಅವನ ಶಾಲಿನ ಅಂಚನ್ನು ತಂತಿ ಹಿಡಿದ ಹಾಗೆ ಹದವಾಗಿ ಹಿಡಿದಳು. ಜಗ್ಗಲಿಲ್ಲ, ಸಡಿಲ ಬಿಡಲೂ ಇಲ್ಲ.

"ಕೂತ್ಕೊಳ್ಳಿ ಸಾರ್" ಎಂದಳು. "ಹಾಡಿನ್ನೂ ಮುಗಿದಿಲ್ಲ."