ಅಣು ರುದ್ರಪ್ಪ

“ಕೈ ತೆಗೀರಿ! ಬಾವಾರು ಬರೋತನಕ ಯಾರೂ ಎತ್ತಂಗಿಲ್ಲ!”

ನಾಲ್ವರು ಅರ್ಧ ಎತ್ತಿದ್ದ ಹೂವಿನ ವಿಮಾನವನ್ನು ಚನ್ನವೀರಮ್ಮ ಎರಡೂ ಕೈಯಿಂದ ಕೆಳಕ್ಕೆ ಜಗ್ಗಿದಳು. ಅದರಲ್ಲಿ ರಾತ್ರಿ ತೀರಿಕೊಂಡ ಆಕೆಯ ಗಂಡ ತಿಪ್ಪೇರುದ್ರಪ್ಪ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು ಮದುಮಗನಂತೆ ಕೂತಿದ್ದ. ಆಕೆಯ ಕೂಗಿಗೆ ಕುರುಗೋಡು ಬೆಟ್ಟದ ಬಂಡೆಗಳು ಎರಡು ಗೇಣು ಹಿಂದೆ ಸರಿದವು. ಅನುಮಾನವಿದ್ದವರು ಹೋಗಿ ಅಳೆದು ನೋಡಬಹುದು.

“ಹೊತ್ತು ನೆತ್ತಿಗೆ ಬರಾಕ ಹತ್ತೈತಿ ತಾಯಿ,” ಎಂದರು ಕ್ರಿಯೆ ಮಾಡಿಸಲು ಬಂದ ಮಲ್ಲಯ್ಯನವರು. “ಹದಿನಾಲ್ಕು ವರ್ಷ ಮಾತಾಡದ ಅಣ್ಣ ಇವತ್ತು ಬಂದಾನೇನು?”

“ಕುಣಿಯಾಗ ಇಳಿದು ಕೂಡ್ರಿಸೋದು ಮನಿ ಹಿರ್ಯಾರ ಕೆಲಸ ಅಲ್ಲೇನ್ರಿ? ಅವರು ಕೂಡ್ರಿಸದಿದ್ರ ಇವರು ಅಲ್ಲಿನೂ ಮನಿ ಇಲ್ಲದಂಗ ಆಗ್ತಾರ. ನಾ ಕಾಯಾಕಿ.”

“ಸುದ್ದಿಯಾದ್ರೂ ಮುಟ್ಟೈತೋ ಇಲ್ಲೋ?”

ಚಹಾದಂಗಡಿಯ ಎರ್ರಣ್ಣ ಎದೆ ಉಬ್ಬಿಸಿದ. “ನಸಿಕಿನ್ಯಾಗ ಇಬ್ರು ಕಂಡಕ್ಟರಿಗೆ ಹೇಳೀನ್ರಿ. ಒಬ್ಬೊಬ್ರೂ ಮತ್ತಿಬ್ಬರಿಗೆ ಹೇಳ್ರಿ, ಅವರೂ ಮತ್ತಿಬ್ಬರಿಗೆ ಹೇಳ್ಲಿ ಅಂದೀನಿ. ರುದ್ರಣ್ಣ ಅಣು ಒಡೀತಿದ್ದನಲ್ಲ, ಅದೇ ಲೆಕ್ಕ. ಇಷ್ಟೊತ್ತಿಗೆ ದಿಲ್ಲಿಗೂ ಗೊತ್ತಾಗಿರ್ಬೇಕು!”

* * *

ರುದ್ರಪ್ಪ ಮೊದಲು ಅಣು ಒಡೆದದ್ದು 1969ರಲ್ಲಿ, ಸಿರುಗುಪ್ಪದಲ್ಲಿ. ಅಲ್ಲಿ ಅವನಿಗೂ ಅಣ್ಣ ಕೊಟ್ಟೂರಪ್ಪನಿಗೂ ಸೇರಿದ ಹಿಟ್ಟಿನ ಗಿರಣಿ ಇತ್ತು. ಅದರ ಡೀಸೆಲ್ ಇಂಜಿನ್ ಗುಡುಗಿದರೆ ತುಂಗಭದ್ರೆಯ ಮೀನುಗಳಿಗೆ ನಿದ್ದೆ ಇರುತ್ತಿರಲಿಲ್ಲ. ಇಂಜಿನ್ನಿಗೆ ಬೆಲ್ಟ್ ತರಲು ಬಳ್ಳಾರಿಯ ಕೌಲ್ ಬಜಾರಿಗೆಂದು ಹೋದ ರುದ್ರಪ್ಪ, ಕಂಟೋನ್ಮೆಂಟಿನ ಶಾಲೆಯೊಂದರಲ್ಲಿ ವಿಜ್ಞಾನ ಪ್ರದರ್ಶನ ನೋಡಿ ಬಂದ. ಬೆಲ್ಟ್ ತರಲಿಲ್ಲ. ಕರೂರಿನ ಮದುವೆಗೆ ಹೋಗಿದ್ದ ಅಣ್ಣ ಮೂರು ದಿನಕ್ಕೆ ಮರಳಿದಾಗ ಇಂಜಿನ್ ಇದ್ದ ಜಾಗದಲ್ಲಿ ಎಣ್ಣೆಯ ಕಲೆಯಷ್ಟೇ ಉಳಿದಿತ್ತು.

“ಇಂಜಿನ್ ಎಲ್ಲೈತಿ ಲೇ?”

“ಗುಜರಿಗೆ ಕೊಟ್ಟೆ ಅಣ್ಣಾ! ತಾರಾಪುರದಾಗ ಅಣುವಿನ ಕರೆಂಟು ಶುರು ಆಗೈತಿ. ಒಂದು ಅಣು ಒಡದ್ರ ಎರಡು ಮೂರು ಕಣ ಸಿಡೀತಾವು, ಅವು ಮತ್ತೆರಡು ಅಣು ಒಡೀತಾವು... ಸೇರು ಯುರೇನಿಯಂ ಇದ್ರ ಇಡೀ ತಾಲೂಕಿನ ಜ್ವಾಳ ಬೀಸಬಹುದು. ನಾಳಿ ನಾಡದ್ದು ನಮ್ಮೂರಿಗೂ ಬಂತಂತ ತಿಳಿ!”

“ಅಣು ಅಲ್ಲ, ನೀ ಮನಿ ಒಡದಿ. ನಡಿ ಹೊರಗ.”

ಹೊಸ್ತಿಲಾಚೆ ನಿಂತರೂ ರುದ್ರಪ್ಪ ಸುಮ್ಮನಾಗಲಿಲ್ಲ. “ಒಡಿಯೋದು ಬ್ಯಾಡಾದ್ರ ಕೂಡಿಸೋದೂ ಐತಿ ಅಣ್ಣಾ. ಸೂರ್ಯ ಉರಿಯೋದು ಹಂಗ. ಸಣ್ಣ ಕಣ ಎರಡು ಕೂಡಿ ಒಂದಾಗ್ತಾವು. ಆದ್ರ ಒಂದನ್ನೊಂದು ದೂಡ್ತಾವು ನೋಡು, ಕೋಟಿಗಟ್ಲೆ ಡಿಗ್ರಿ ಬಿಸಿ ಬೇಕು. ಅದೂ ಭೂಮಿಗೆ ಬರ್ತೈತಿ ಒಂದಿನ.”

ಕದ ಮುಚ್ಚಿತು.

ಅಲ್ಲಿಂದಾಚೆ ಅವನು ಕುರುಗೋಡಿನಲ್ಲಿ ಬೇರೆಯವರ ಗಿರಣಿ ನಡೆಸಿದ. ಕರೆಂಟು ಹೋದಾಗಲೆಲ್ಲ ಸಾಲಿನಲ್ಲಿ ನಿಂತವರಿಗೆ ಪಾಠ. “ಅಣ್ಣಾ, ನಿನ್ನ ಸೂರ್ಯ ಭೂಮಿಗೆ ಇಳಿಯೋತನಕ ನನ್ನ ಬುಟ್ಟಿ ಇಲ್ಲೇ ಇರ್ಲೇನು?” ಎಂದು ಜೋಳ ಬೀಸಿಸಲು ಬಂದ ಹುಲುಗಮ್ಮ ಕೆಣಕುತ್ತಿದ್ದಳು. ಕರೆಂಟು ಬಂದ ಮೇಲೂ ಬುಟ್ಟಿ ಮರೆತು ಬಾಯಿ ಬಿಟ್ಟು ಕೇಳುತ್ತಿದ್ದವಳೂ ಆಕೆಯೇ.

* * *

ಮೊದಲು ಬಳ್ಳಾರಿಯ ಬಸ್ಸು ಬಂತು. ಹಿಂದೆ ಎರಡು ಲಾರಿ, ನಾಲ್ಕು ಟ್ರ್ಯಾಕ್ಟರ್, ಎಂಟು ಬಂಡಿ. ಆಮೇಲಿನವರನ್ನು ಎಣಿಸಹೋದ ಎರ್ರಣ್ಣನ ಬೆರಳುಗಳೇ ಸವೆದುಹೋದವು. ಊರಿನ ಧೂಳೆಲ್ಲ ಮೇಲೆದ್ದು ಆಕಾಶ ಕೆಂಪಾಯಿತು. ಗಂಡನ ಹುಚ್ಚು ಮಾತುಗಳು ಇಷ್ಟೊಂದು ಕಿವಿಗಳಲ್ಲಿ ಬದುಕಿದ್ದವೆಂದು ಗೊತ್ತಿರದ ಚನ್ನವೀರಮ್ಮ ಅಳುವುದನ್ನೂ ಮರೆತು ನೋಡುತ್ತ ನಿಂತಳು.

ಕಡೆಯ ಟ್ರ್ಯಾಕ್ಟರಿನಿಂದ ಬರಿಗಾಲಲ್ಲಿ ಇಳಿದವನು ಕೊಟ್ಟೂರಪ್ಪ.

“ಇಪ್ಪತ್ತು ಮಂದಿ ಬಂದು ಹೇಳಿದ್ರವ್ವ,” ಎಂದ. “ಮೊದಲನೇದವಗ, ಸುಳ್ಳು ಹೇಳ್ತಿಯೇನಲೇ ಅಂತ ಹೊಡದುಬಿಟ್ಟೆ.”

ಚನ್ನವೀರಮ್ಮ ವಿಮಾನದಿಂದ ಕೈ ತೆಗೆದಳು.

ಕುಣಿಗೆ ಅವನೇ ಇಳಿದ. ತಮ್ಮನನ್ನು ತಬ್ಬಿ ಇಳಿಸಿಕೊಂಡು, ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂಡ್ರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕೆನ್ನೆಗೆ ಅಂಟಿದ್ದ ಹೂವಿನೆಸಳು ತೆಗೆದ.

“ಮ್ಯಾಲ ಬರ್ರಿ, ಮಣ್ಣು ಹಾಕಬೇಕು,” ಎಂದರು ಮಲ್ಲಯ್ಯನವರು.

ಕೊಟ್ಟೂರಪ್ಪ ತಲೆ ಎತ್ತಲಿಲ್ಲ. ತಮ್ಮನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗಿಸಿ, ಚಕ್ಕಳಬಕ್ಕಳ ಹಾಕಿ ಕೂತುಬಿಟ್ಟ. ಮೇಲೆ, ಸುತ್ತಲೂ, ಮೂರು ಊರಿನ ಜನ ಹಿಡಿ ಹಿಡಿ ಮಣ್ಣು ಹಿಡಿದು ನಿಂತಿದ್ದರು. ಒಂದು ಮುಷ್ಟಿಯೂ ಬಿಚ್ಚಲಿಲ್ಲ.